ತಂತಿಯಿಲ್ಲದೆ ಮೊಳಗಿದ ಗಂಟೆ

ಮಕ್ಕಳೇ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಹಾಡು ಕೇಳುವ ಪೆಟ್ಟಿಗೆ ಇರಬಹುದು. ರಿಮೋಟಿನ ಗುಂಡಿ ಒತ್ತಿದರೆ ಸಾಕು, ಹಾಡು ಶುರುವಾಗುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಸದ್ದು ಕಡಿಮೆಯಾಗುತ್ತದೆ. ನಿಮ್ಮ ಕೈಗೂ ಪೆಟ್ಟಿಗೆಗೂ ನಡುವೆ ತಂತಿಯೇ ಇಲ್ಲ. ಹಾಗಾದರೆ ನಿಮ್ಮ ಅಪ್ಪಣೆಯನ್ನು ಅಲ್ಲಿಗೆ ಹೊತ್ತೊಯ್ದವರು ಯಾರು?

ಕಣ್ಣಿಗೆ ಕಾಣದ ಅಲೆಗಳು! ಟಿ.ವಿ. ರಿಮೋಟಿನಿಂದ ಸಾಮಾನ್ಯವಾಗಿ ಹೊರಡುವುದು ಅವಕೆಂಪು ಎಂಬ ಕಾಣದ ಬೆಳಕು. ಗೋಡೆ ಅಡ್ಡ ಬಂದರೆ ಅದು ನಿಂತುಬಿಡುತ್ತದೆ. ತಂತಿಯಿಲ್ಲದೆ ಹಾಡನ್ನು ಸಾಗಿಸುವ ಪೆಟ್ಟಿಗೆಗಳು ಬಳಸುವುದು ರೇಡಿಯೋ ಅಲೆಗಳನ್ನು. ಅವು ಗೋಡೆಯನ್ನೂ ದಾಟಬಲ್ಲವು. ಇಂತಹ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ ತೋರಿಸಿದ ಭಾರತೀಯರೊಬ್ಬರ ಕಥೆಯನ್ನು ಈಗ ಕೇಳಿರಿ. ಅವರೇ ಜಗದೀಶಚಂದ್ರ ಬೋಸ್.

ಬೋಸರು 1858ನೆಯ ನವೆಂಬರ್ 30ರಂದು ಬಂಗಾಳದ ಮೈಮನಸಿಂಗ್‌ನಲ್ಲಿ ಜನಿಸಿದರು. ಆ ಊರು ಈಗ ಬಾಂಗ್ಲಾದೇಶದಲ್ಲಿದೆ. ತಂದೆ ಭಗವಾನ್ ಚಂದ್ರರು ಸರಕಾರದ ದೊಡ್ಡ ಅಧಿಕಾರಿ. ಅಂಥವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ಕಾಲವದು. ಆದರೆ ಭಗವಾನ್ ಚಂದ್ರರು ಮಗನನ್ನು ಬಂಗಾಳಿ ಶಾಲೆಗೆ ಸೇರಿಸಿದರು. ಮೊದಲು ತಾಯಿನುಡಿ ಚೆನ್ನಾಗಿ ಬರಲಿ, ತನ್ನ ಜನರ ಪರಿಚಯವಾಗಲಿ ಎಂಬುದು ಅವರ ಆಸೆ. ತರಗತಿಯಲ್ಲಿ ಬಾಲಕನ ಒಂದು ಬದಿಗೆ ಮನೆಯ ಜವಾನನ ಮಗ, ಇನ್ನೊಂದು ಬದಿಗೆ ಮೀನುಗಾರನ ಮಗ ಕುಳಿತುಕೊಳ್ಳುತ್ತಿದ್ದರು. ಹಕ್ಕಿ, ಮೀನು, ಕಾಡುಪ್ರಾಣಿಗಳ ಕಥೆಗಳನ್ನು ಅವರಿಂದ ಕೇಳಿ ಬಾಲಕನಿಗೆ ಪ್ರಕೃತಿಯಲ್ಲಿ ಕುತೂಹಲ ಮೂಡಿತು. ಗೆಳೆಯರು ಮನೆಗೆ ಬಂದಾಗ ತಾಯಿ ಭೇದವೆಣಿಸದೆ ಎಲ್ಲರಿಗೂ ತಿನ್ನಲು ಕೊಡುತ್ತಿದ್ದರು.

ಮುಂದೆ ಬೋಸರು ಕಲಕತ್ತೆಯಲ್ಲಿ ಓದಿ, 1880ರಲ್ಲಿ ಇಂಗ್ಲೆಂಡಿಗೆ ತೆರಳಿದರು. ವೈದ್ಯರಾಗಬೇಕೆಂದು ಹೋದವರು ಅನಾರೋಗ್ಯದಿಂದ ಆ ಓದನ್ನು ಬಿಡಬೇಕಾಯಿತು. ಆದರೂ ಎದೆಗುಂದದೆ ಕೇಂಬ್ರಿಜ್‌ನಲ್ಲಿ ವಿಜ್ಞಾನ ಕಲಿತರು. 1885ರಲ್ಲಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು.

ಅಲ್ಲಿ ಅವರಿಗೊಂದು ಅನ್ಯಾಯ ಕಾದಿತ್ತು. ಒಂದೇ ಕೆಲಸಕ್ಕೆ ಭಾರತೀಯರಿಗೆ ಇಂಗ್ಲಿಷರಿಗಿಂತ ಕಡಿಮೆ ಸಂಬಳ! ಬೋಸರು ಜಗಳವಾಡಲಿಲ್ಲ, ಕೆಲಸ ಬಿಡಲಿಲ್ಲ. ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಮಾಡಿದರು. ಮನೆಯಲ್ಲಿ ತಂದೆಯ ಸಾಲದ ಹೊರೆಯಿತ್ತು. ಆದರೂ ಹಟ ಬಿಡಲಿಲ್ಲ. ಕೊನೆಗೆ ಸರಕಾರ ಸೋತು, ಹಿಂದಿನ ಬಾಕಿಯನ್ನೂ ಸೇರಿಸಿ ಪೂರ್ತಿ ಸಂಬಳ ಕೊಟ್ಟಿತು. ಆ ಹಣದಿಂದ ಅವರು ತಂದೆಯ ಸಾಲ ತೀರಿಸಿದರು.

ಕಾಲೇಜಿನಲ್ಲಿ ಒಳ್ಳೆಯ ಪ್ರಯೋಗಶಾಲೆ ಇರಲಿಲ್ಲ. ಒಂದು ಪುಟ್ಟ ಕೋಣೆಯಲ್ಲಿ, ತಗಡುಕೆಲಸದವನೊಬ್ಬನ ನೆರವಿನಿಂದ ಅವರು ಉಪಕರಣಗಳನ್ನು ತಯಾರಿಸಿಕೊಂಡರು. 1895ರಲ್ಲಿ ಕಲಕತ್ತೆಯ ಪುರಭವನದಲ್ಲಿ ಜನ ಸೇರಿದ್ದರು. ಬೋಸರು ಒಂದು ಕಡೆಯಿಂದ ಅಲೆಗಳನ್ನು ಕಳುಹಿಸಿದರು. ಅವು ಗೋಡೆಗಳನ್ನು ದಾಟಿ, ಸುಮಾರು 75 ಅಡಿ ದೂರದ ಕೋಣೆಯಲ್ಲಿ ಗಂಟೆ ಬಾರಿಸಿದವು, ಮದ್ದಿನ ಪುಡಿಯನ್ನು ಸಿಡಿಸಿದವು. ನೋಡಿದವರೆಲ್ಲ ಬೆರಗಾದರು.

ತಮ್ಮ ಉಪಕರಣಗಳ ಗುಟ್ಟನ್ನು ಬೋಸರು ಮುಚ್ಚಿಡಲಿಲ್ಲ. ಗೆಳೆಯರ ಒತ್ತಾಯದಿಂದ 1904ರಲ್ಲಿ ಅಮೆರಿಕದ ಪೇಟೆಂಟ್ ಒಂದು ದೊರೆತರೂ ಅದರಿಂದ ಹಣ ಗಳಿಸಲು ಹೋಗಲಿಲ್ಲ. ಜ್ಞಾನ ಎಲ್ಲರಿಗೂ ಸೇರಿದ್ದು ಎಂದೇ ಅವರು ನಂಬಿದ್ದರು. ಆಮೇಲೆ ಸಸ್ಯಗಳತ್ತ ಗಮನ ಹರಿಸಿ, ಗಿಡದ ಅತಿ ಸಣ್ಣ ಬೆಳವಣಿಗೆಯನ್ನೂ ಅಳೆಯುವ ಕ್ರೆಸ್ಕೋಗ್ರಾಫ್ ಎಂಬ ಯಂತ್ರವನ್ನು ರಚಿಸಿದರು. 1917ರಲ್ಲಿ ಕಲಕತ್ತೆಯಲ್ಲಿ ಸಂಶೋಧನಾ ಮಂದಿರವನ್ನು ಸ್ಥಾಪಿಸಿದರು. 1937ನೆಯ ನವೆಂಬರ್ 23ರಂದು ಗಿರಿಡಿಹ್‌ನಲ್ಲಿ ನಿಧನರಾದರು.

ಮಕ್ಕಳೇ, ಬೋಸರು ಬಂಗಾಳಿಯಲ್ಲಿ ಮಕ್ಕಳಿಗೂ ದೊಡ್ಡವರಿಗೂ ವಿಜ್ಞಾನದ ಬರಹಗಳನ್ನು ಬರೆದರು. ತಾಯಿನುಡಿಯ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗ ಲೋಕವೇ ಮೆಚ್ಚುವ ವಿಜ್ಞಾನಿಯಾದರು. ನೀವೂ ಕನ್ನಡ ಶಾಲೆಯಲ್ಲಿ ಕಲಿಯುತ್ತಿರುವಿರಿ. ಶಾಲೆ ಚಿಕ್ಕದೆಂದು ನಾಚಬೇಡಿ. ಮುಂದಿನ ಸಲ ರಿಮೋಟಿನ ಗುಂಡಿ ಒತ್ತುವಾಗ, ಅಂದು ಮೊಳಗಿದ ಗಂಟೆಯನ್ನು ಒಮ್ಮೆ ನೆನೆಯಿರಿ. ಇದು ಹೇಗೆ ಆಗುತ್ತದೆ ಎಂದು ನಿಮ್ಮ ಗುರುಗಳನ್ನು ಕೇಳಿರಿ.