ಕಿಟೆಲ್ ಸಾಹೇಬರು ಮತ್ತು ಸದ್ದಿಲ್ಲದ ಅಕ್ಷರಗಳು



ನಿಮ್ಮ ಮನೆಯ ಮಗು ಇಂಗ್ಲಿಷಿನಲ್ಲಿ 'ನೈಫ್' ಎಂದು ಬರೆಯುವಾಗ ಮೊದಲಿನ 'ಕೆ' ಅಕ್ಷರವನ್ನು ಬಿಟ್ಟರೆ ದಯವಿಟ್ಟು ಗದರಬೇಡಿ. ಪಾಪ, ಕಿವಿಗೆ ಕೇಳಿದ್ದನ್ನೇ ಅದು ಬರೆದಿದೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂದು ಹೆಣಗುವ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಕ್ಕಳಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿ ಓದು ನಿಲ್ಲಿಸಿದವರಿದ್ದಾರೆ. ಅವರ ತಂದೆ-ತಾಯಿಗಳು ರೆವರೆಂಡ್ ಫರ್ಡಿನಾಂಡ್ ಕಿಟೆಲ್ ಅವರ ಜೀವನವನ್ನು ಒಮ್ಮೆ ತಿಳಿಯಬೇಕು.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯ ಪಾದ್ರಿಯ ಮನೆಯಲ್ಲಿ. 1853ರಲ್ಲಿ ಬಾಸೆಲ್ ಮಿಷನ್ ಅವರನ್ನು ಕರ್ನಾಟಕಕ್ಕೆ ಕಳುಹಿಸಿತು. ಬಂದದ್ದು ಧರ್ಮಪ್ರಚಾರಕ್ಕೆ, ಸೋತದ್ದು ಕನ್ನಡಕ್ಕೆ. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿದ್ದು ಹಳ್ಳಿಗರ ಮಾತು, ಪಂಡಿತರ ಓಲೆಗರಿ ಎರಡನ್ನೂ ಕಲಿತರು. ಅವರ ಧರ್ಮ ನಮ್ಮದಲ್ಲ, ಆದರೆ ಇಲ್ಮಿನ ಹಿಂದೆ ಹಾಗೆ ಹೋದವರನ್ನು ಗೌರವಿಸುವುದು ನಮ್ಮ ಧರ್ಮವೇ.

1872ರಲ್ಲಿ ಅವರು ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಆ ಹದಿಮೂರನೇ ಶತಮಾನದ ವ್ಯಾಕರಣದಲ್ಲಿ ಒಂದು ಸ್ವಾರಸ್ಯವಿದೆ. ಕನ್ನಡದಲ್ಲಿ ಹಿಂದೆ 'ೞ', 'ಱ' ಎಂಬ ಎರಡು ಅಕ್ಷರಗಳಿದ್ದವು. ನಾವು ಮಲೆನಾಡಿನವರು ವರ್ಷದ ನಾಲ್ಕು ತಿಂಗಳು ನೆನೆಯುವ ಮಳೆ ಆಗ 'ಮೞೆ'. ಆರು ಎಂಬ ಸಂಖ್ಯೆ 'ಆಱು'. ಕೇಶಿರಾಜನ ಕಾಲಕ್ಕೇ ಜನರ ನಾಲಿಗೆಯಲ್ಲಿ 'ೞ' ಕಲಸಿಹೋಗಿದ್ದರಿಂದ ಆತ ಅಂಥ ಪದಗಳ ಪಟ್ಟಿಯನ್ನೇ ಕೊಡಬೇಕಾಯಿತು. ನರಸಿಂಹರಾಜಪುರದ ಕಡೆಯ ಮಲಯಾಳಿಗಳ ಬಾಯಲ್ಲಿ 'ಮೞ' ಎಂಬುದನ್ನು ಕೇಳಿ ನೋಡಿ, ಆ ಹಳೆಯ ಸದ್ದು ಈಗಲೂ ಸಿಗುತ್ತದೆ.

ಸದ್ದು ಹೋದ ಮೇಲೆ ಕನ್ನಡಿಗರು ಅಕ್ಷರವನ್ನೂ ಬಿಟ್ಟರು. ಇಂಗ್ಲಿಷಿನವರು ಬಿಡಲಿಲ್ಲ, ಅಷ್ಟೇ ವ್ಯತ್ಯಾಸ. 'ನೈಫ್', 'ನೀ' ಪದಗಳ 'ಕೆ'ಯನ್ನೂ 'ನೈಟ್' ಪದದ 'ಜಿಎಚ್' ಅನ್ನೂ ಇಂಗ್ಲಿಷರು ಒಂದು ಕಾಲಕ್ಕೆ ಬಾಯಿಬಿಟ್ಟು ಉಚ್ಚರಿಸುತ್ತಿದ್ದರು. 1476ರಲ್ಲಿ ಅಲ್ಲಿ ಅಚ್ಚುಕೂಟ ಬಂದು ಕ್ರಮೇಣ ಬರಹ ಗಟ್ಟಿಯಾಯಿತು, ನಾಲಿಗೆ ಮಾತ್ರ ಮುಂದೆ ಹೋಯಿತು. ಕಿಟೆಲರಿಗೆ ಇದು ಹೊಸದಾಗಿರಲಾರದು. ಅವರ ಜರ್ಮನ್ ಭಾಷೆಯಲ್ಲಿ ಮೊಣಕಾಲಿಗೆ ಇಂದಿಗೂ 'ಕ್ನೀ' ಎಂದೇ ಹೇಳುತ್ತಾರೆ, ರಾತ್ರಿಗೆ 'ನಾಖ್ಟ್' ಎನ್ನುತ್ತಾರೆ.

ನಮ್ಮ ಉರ್ದುವೇನು ಕಡಿಮೆಯೇ? 'ಖ್ವಾಬ್' ಎಂದು ವಾವ್ ಹಾಕಿ ಬರೆದು 'ಖಾಬ್' ಎನ್ನುತ್ತೇವೆ. 'ಬಿಲ್ಕುಲ್' ಪದದಲ್ಲಿ ಅಲಿಫ್ ಸುಮ್ಮನೆ ನಿಂತಿರುತ್ತದೆ. ಜಮೀನಿಗೆ 'ಜೇ', ಜಿಲ್ಲೆಗೆ 'ಜ್ವಾದ್', ಜುಲುಮಿಗೆ 'ಜೋಯ್' ಬರೆಯಬೇಕು. ಉರ್ದುವಿನಲ್ಲಿ ಮೂರಕ್ಕೂ ಒಂದೇ ಸದ್ದು. ಕನ್ನಡವೂ ಮೂರನ್ನೂ ಒಂದೇ 'ಜ'ದಲ್ಲಿ ಮುಗಿಸಿತು. ಮದರಸಾದಲ್ಲಿ ಇದನ್ನೆಲ್ಲ ಕಲಿತ ಮಗುವಿಗೆ ಇಂಗ್ಲಿಷಿನ 'ಕೆ' ದೊಡ್ಡ ಮಾತಲ್ಲ. ಅದು ಏಕಿದೆ ಎಂದು ಯಾರಾದರೂ ಹೇಳಬೇಕು.

ಕಿಟೆಲರ ಬದುಕು ಸುಖದ್ದಾಗಿರಲಿಲ್ಲ. 1864ರಲ್ಲಿ ಪತ್ನಿ ತೀರಿಕೊಂಡರು. ನಿಘಂಟಿನ ಕೆಲಸದ ನಡುವೆ ಊರಿಗೆ ಹೋದವರು ಅದಕ್ಕಾಗಿಯೇ ಮತ್ತೆ ಭಾರತಕ್ಕೆ ಬಂದರು. 1894ರಲ್ಲಿ, ಅವರ 62ನೇ ವಯಸ್ಸಿನಲ್ಲಿ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಕಚೇರಿ, ಪೇಟೆಗಳಲ್ಲಿ ಬಳಕೆಯಾಗುತ್ತಿದ್ದ ಹಿಂದೂಸ್ತಾನಿ ಪದಗಳಿಗೂ ಅದರಲ್ಲಿ ಜಾಗ ಕೊಟ್ಟು, ಮೂಲದ ಗುರುತು ಹಾಕಿದರು. ಜನ ಮರೆತ 'ೞ', 'ಱ'ಗಳನ್ನೂ ಉಳಿಸಿಕೊಂಡರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅವರ ಕನ್ನಡ ವ್ಯಾಕರಣ ಹೊರಬಂದ 1903ರಲ್ಲೇ, ಡಿಸೆಂಬರ್ ತಿಂಗಳಲ್ಲಿ, ಅದೇ ಊರಿನಲ್ಲಿ ತೀರಿಕೊಂಡರು.

ಆ ನಿಘಂಟು ಈಗ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಮೊಬೈಲಿನಲ್ಲಿ ತೆರೆದು 'ಮೞೆ' ಇರುವ ಪುಟವನ್ನು ನಿಮ್ಮ ಮಗುವಿಗೆ ತೋರಿಸಿ.