ಅಣುವಿನ ಮನೆಯಲ್ಲಿ ಸೂರ್ಯನ ಪರ ವಾದಿಸಿದ ಕೋಸಂಬಿ

ಬೋಧನಾಭ್ಯಾಸದ ಅವಧಿಯಲ್ಲಿ ಹತ್ತನೇ ತರಗತಿಗೆ ಶಕ್ತಿಯ ಆಕರಗಳ ಪಾಠ ಮಾಡುತ್ತಿದ್ದೆ. ಕೈಗಾ ಅಣುಸ್ಥಾವರದ ಚಿತ್ರ, ಪಾವಗಡ ಸೌರ ಪಾರ್ಕಿನ ಚಿತ್ರ ಎರಡನ್ನೂ ತೂಗುಹಾಕಿ ಹೋಮಿ ಭಾಭಾ ಅವರ ಪರಿಚಯ ಹೇಳಿದೆ. ಇಷ್ಟು ಬಿಸಿಲಿರುವ ದೇಶದಲ್ಲಿ ಆಗ ಯಾರೂ ಸೂರ್ಯನ ಬಗ್ಗೆ ಯೋಚಿಸಲಿಲ್ಲವೇ ಎಂದು ಹುಡುಗಿಯೊಬ್ಬಳು ಕೇಳಿದಳು. ಯಾರೂ ಇಲ್ಲ ಎಂದುಬಿಟ್ಟೆ. ತಪ್ಪು ಉತ್ತರ. ಒಬ್ಬರಿದ್ದರು, ಅದೂ ಭಾಭಾ ಅವರದೇ ಸಂಸ್ಥೆಯಲ್ಲಿ.

ದಾಮೋದರ ಧರ್ಮಾನಂದ ಕೋಸಂಬಿ ಹುಟ್ಟಿದ್ದು 1907ರ ಜುಲೈ 31ರಂದು, ಗೋವೆಯಲ್ಲಿ. ತಂದೆ ಧರ್ಮಾನಂದರು ಹೆಸರಾಂತ ಬೌದ್ಧ ವಿದ್ವಾಂಸರು. ತಂದೆಯ ಜೊತೆ ಅಮೆರಿಕಕ್ಕೆ ಹೋದ ಬಾಲಕ ಅಲ್ಲೇ ಓದಿ, 1929ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ಪಡೆದರು. ಮರಳಿ ಬಂದು ಬನಾರಸ್, ಅಲಿಗಢಗಳಲ್ಲಿ ಕಲಿಸಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಹನ್ನೆರಡು ವರ್ಷ ಗಣಿತದ ಅಧ್ಯಾಪಕರಾಗಿದ್ದರು.

ಬಿ.ಎಸ್ಸಿ.ಯಲ್ಲಿ ತಳಿಶಾಸ್ತ್ರ ಓದುವಾಗ ಕೋಸಂಬಿ ಮ್ಯಾಪ್ ಫಂಕ್ಷನ್ ಎಂಬ ಸೂತ್ರ ಬಂದಿತ್ತು. ಯಾರೋ ಜಪಾನಿನವರು ಇರಬೇಕೆಂದುಕೊಂಡು ಬಾಯಿಪಾಠ ಮಾಡಿದ್ದೆ! ವರ್ಣತಂತುವಿನ ಮೇಲೆ ಜೀನ್‌ಗಳ ನಡುವಿನ ಅಂತರವನ್ನು ಲೆಕ್ಕ ಹಾಕುವ ಆ ಸೂತ್ರವನ್ನು 1944ರಲ್ಲಿ ಕೊಟ್ಟವರು ಇವರೇ. ಪ್ರಾಚೀನ ಮುದ್ರಾಂಕಿತ ನಾಣ್ಯಗಳನ್ನು ಸಾವಿರಾರು ಸಂಖ್ಯೆಯಲ್ಲಿ ತೂಗಿದ್ದೂ ಇವರೇ. ನಾಣ್ಯ ಕೈಯಿಂದ ಕೈಗೆ ಹೋದಷ್ಟೂ ಸವೆಯುತ್ತದೆ. ಸವೆತದಿಂದ ಅದರ ವಯಸ್ಸು ತಿಳಿಯಬಹುದು. ಆ ದಾರಿಯಲ್ಲೇ ಅವರು ಇತಿಹಾಸಕ್ಕೆ ಬಂದರು. ಇಂದು ಹೆಚ್ಚಿನವರು ಅವರನ್ನು ನೆನೆಯುವುದು ಇತಿಹಾಸಕಾರರಾಗಿಯೇ.

1945ರಲ್ಲಿ ಭಾಭಾ ಅವರೇ ಕೋಸಂಬಿಯವರನ್ನು ಹೊಸ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕರೆದುಕೊಂಡರು. ಪುಣೆಯ ಮನೆ ಬಿಡದೆ, ಡೆಕ್ಕನ್ ಕ್ವೀನ್ ರೈಲಿನಲ್ಲಿ ಮುಂಬಯಿಗೆ ಓಡಾಡುತ್ತಿದ್ದರು. ಇತ್ತ ಭಾಭಾ ಅಣುಶಕ್ತಿಯ ಮೂರು ಹಂತದ ಯೋಜನೆ ರೂಪಿಸಿದರು. ನಮ್ಮಲ್ಲಿ ಯುರೇನಿಯಂ ಕಡಿಮೆ, ಕೇರಳದಂಥ ಕರಾವಳಿಯ ಮರಳಿನಲ್ಲಿ ಥೋರಿಯಂ ಹೇರಳ. ಮೊದಲು ಯುರೇನಿಯಂ ಉರಿಸಿ ಪ್ಲುಟೋನಿಯಂ ಪಡೆಯುವುದು, ಅದರಿಂದ ಫಾಸ್ಟ್ ಬ್ರೀಡರ್ ನಡೆಸುವುದು, ಕೊನೆಗೆ ಥೋರಿಯಂ. ತರ್ಕ ಅಚ್ಚುಕಟ್ಟಾಗಿದೆ. 1956ರ ಆಗಸ್ಟಿನಲ್ಲಿ ಟ್ರಾಂಬೆಯಲ್ಲಿ ಅಪ್ಸರಾ ಚಾಲೂ ಆದಾಗ ದೇಶವೇ ಹೆಮ್ಮೆಪಟ್ಟಿತು.

ಕೋಸಂಬಿ ಮಾತ್ರ ಲೆಕ್ಕ ಕೇಳಿದರು. ವಿಶ್ವಶಾಂತಿ ಚಳವಳಿಯಲ್ಲಿದ್ದ ಅವರಿಗೆ ಬಾಂಬಿನ ಭಯವಂತೂ ಇತ್ತು. ಅದರ ಜೊತೆಗೆ ಹಣದ ಪ್ರಶ್ನೆಯೂ. ಬೇರೆ ದೇಶಗಳಲ್ಲಿ ಅಣುವಿದ್ಯುತ್ತು ಅಗ್ಗವಾಗಿ ಕಾಣುವುದು ಸಂಶೋಧನೆಯ ಖರ್ಚನ್ನು ಸೇನೆಯ ಲೆಕ್ಕದಲ್ಲಿ ಸರ್ಕಾರವೇ ಹೊತ್ತಿರುವುದರಿಂದ ಎಂಬುದು ಅವರ ವಾದ. ಬಿಸಿಲಾದರೋ ಪ್ರತಿ ಹಳ್ಳಿಯ ಮೇಲೂ ಬೀಳುತ್ತದೆ, ಅದಕ್ಕೆ ತಂತಿಯೂ ಬೇಡ. ಬಿಸಿಲಿನಿಂದ ಅಡುಗೆ ಆದರೆ ಕಾಡು ಉಳಿಯುತ್ತದೆ, ಬೆರಣಿಯಾಗುವ ಸಗಣಿ ಹೊಲಕ್ಕೆ ಗೊಬ್ಬರವಾಗುತ್ತದೆ. ಈ ಸಗಣಿಯ ಮಾತು ನನಗೆ ಬಹಳ ಹಿಡಿಸಿತು. ಶಕ್ತಿ ನೀತಿಯನ್ನು ಒಲೆಯ ಮುಂದೆ ಕುಳಿತು ನೋಡಿದ ಗಣಿತಜ್ಞ!

ಆದರೆ ಆಗ ಸೌರಕೋಶ ಇದ್ದದ್ದು ಪ್ರಯೋಗಾಲಯದಲ್ಲಿ, ಮತ್ತು 1958ರಲ್ಲಿ ಹಾರಿದ ವ್ಯಾನ್‌ಗಾರ್ಡ್‌ನಂಥ ಉಪಗ್ರಹದಲ್ಲಿ. ಬೆಲೆ ಕೈಗೆಟುಕುವಂತಿರಲಿಲ್ಲ. ಕೋಸಂಬಿಯವರ ಮಾತು ಕೇಳಿದ್ದರೆ ಅಂದೇ ಬೆಳಕಾಗುತ್ತಿತ್ತು ಎಂದು ನಾನು ಹೇಳಲಾರೆ. ಸೂರ್ಯನ ಸಂಶೋಧನೆಗೂ ಅಷ್ಟೇ ಶ್ರದ್ಧೆಯಿಂದ ಹಣ ಹಾಕಿದ್ದರೆ ಏನಾಗುತ್ತಿತ್ತೋ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

1962ರಲ್ಲಿ ಸಂಸ್ಥೆ ಅವರ ಒಪ್ಪಂದವನ್ನು ನವೀಕರಿಸಲಿಲ್ಲ. ಅಣುಶಕ್ತಿಯ ವಿರೋಧವೇ ಕಾರಣ ಎಂದು ಹಲವರು ಬರೆಯುತ್ತಾರೆ. ರೀಮಾನ್ ಊಹೆಗೆ ಸಾಧನೆ ಸಿಕ್ಕಿತೆಂದು ಅವರು ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿ, ಅದು ನಿಲ್ಲದೆ ಹೋದದ್ದೂ ಅವರ ಹೆಸರಿಗೆ ಪೆಟ್ಟು ಕೊಟ್ಟಿತ್ತು. 1966ರ ಜನವರಿ 24ರಂದು ಭಾಭಾ ಮಾಂಟ್ ಬ್ಲಾಂಕ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಜೂನ್ 29ರಂದು ಕೋಸಂಬಿ ಪುಣೆಯ ಮನೆಯಲ್ಲಿ ನಿದ್ದೆಯಲ್ಲೇ ಹೋದರು.

ಮುಂದಿನ ಅವಧಿಯಲ್ಲಿ ನನ್ನ ತಪ್ಪು ಒಪ್ಪಿಕೊಂಡು, ಮಕ್ಕಳಿಗೆ ಲೆಕ್ಕವೊಂದನ್ನು ಕೊಟ್ಟೆ. ಪಾವಗಡದ ಸಾಮರ್ಥ್ಯ 2,050 ಮೆಗಾವ್ಯಾಟ್, ಕೈಗಾದ್ದು 880. ಆದರೆ ಕೈಗಾದ ಒಂದನೇ ಘಟಕ 2018ರ ಕೊನೆಯವರೆಗೆ ಸತತ 962 ದಿನ ಹಗಲು ರಾತ್ರಿ ಓಡಿತ್ತು. ಸೌರಫಲಕ ಸಂಜೆಗೆ ಮಲಗುತ್ತದೆ. ಸ್ಥಾವರಕ್ಕೆ ಶೇ. 85, ಫಲಕಕ್ಕೆ ಶೇ. 20 ಎಂದು ಹಿಡಿದು ಗುಣಿಸಿದಾಗ ವರ್ಷಕ್ಕೆ ಕೈಗಾ ಸುಮಾರು 655 ಕೋಟಿ ಯೂನಿಟ್, ಪಾವಗಡ ಸುಮಾರು 359 ಕೋಟಿ. ತರಗತಿ ಅಣುವಿನ ಕಡೆ ವಾಲಿತು. ಹಾಗಾದರೆ ದೇಶದ ವಿದ್ಯುತ್ತಿನಲ್ಲಿ ಅಣುವಿನ ಪಾಲು ಇಂದಿಗೂ ಶೇ. 3ರ ಆಸುಪಾಸಿನಲ್ಲೇ ಇರುವುದೇಕೆ, ಕಲ್ಪಾಕ್ಕಂನಲ್ಲಿ 2004ರಲ್ಲಿ ಕಟ್ಟತೊಡಗಿದ ಬ್ರೀಡರ್‌ಗೆ ಇಂಧನ ತುಂಬಲು ಅಷ್ಟೊಂದು ವರ್ಷ ಏಕೆ ಬೇಕಾಯಿತು ಎಂದು ಕೇಳಿದೆ. ಗದ್ದಲವೋ ಗದ್ದಲ. ಮೊದಲು ಪ್ರಶ್ನೆ ಕೇಳಿದ್ದ ಹುಡುಗಿ ಮತ್ತೆ ಎದ್ದು, ಪಾವಗಡದ ಸಾವಿರಾರು ಎಕರೆ ಫಲಕಗಳು ಕೋಸಂಬಿಯವರು ಬಯಸಿದ ಹಳ್ಳಿಯ ಸೂರ್ಯನೇ ಹೌದೇ ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.