ಗಾಯಾಳುಗಳ ಬಳಿಗೆ ಹೋದ ಡಾ. ಅನ್ಸಾರಿ



ಡಾಕ್ಟರಾಗಬೇಕೆಂಬ ಆಸೆ ಹೊತ್ತು ಯಾಪಲದಿನ್ನಿಯಿಂದ ರಾಯಚೂರಿನ ಬಸ್ಸು ಹತ್ತುವ ಮಕ್ಕಳನ್ನು ನೀವು ಕಂಡಿರಬಹುದು. ಅವರಲ್ಲೊಬ್ಬರು ನಿಮ್ಮ ಮನೆಯವರೇ ಇರಬಹುದು. ಕಲಿತ ವಿದ್ಯೆ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆ ಅವರ ಮುಂದೆ ಒಂದು ದಿನ ಬಂದೇ ಬರುತ್ತದೆ. ಅಂಥವರಿಗಾಗಿ ಮರ್ಹೂಮ್ ಡಾ. ಮುಖ್ತಾರ್ ಅಹ್ಮದ್ ಅನ್ಸಾರಿಯವರ ಜೀವನವನ್ನು ಇಲ್ಲಿ ನೆನೆಯೋಣ.

ಅನ್ಸಾರಿಯವರು 1880ರ ಡಿಸೆಂಬರ್ 25ರಂದು ಇಂದಿನ ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯ ಯೂಸುಫ್‌ಪುರದಲ್ಲಿ ಜನಿಸಿದರು. ಮುಂದೆ ಅವರ ಕುಟುಂಬ ಹೈದರಾಬಾದಿಗೆ ಬಂದಿತು. ನಮ್ಮ ರಾಯಚೂರು ಆಗ ನಿಜಾಮರ ಸಂಸ್ಥಾನದಲ್ಲಿತ್ತು. ನಮ್ಮ ಹಿರಿಯರಿಗೆ ಹೈದರಾಬಾದೇ ರಾಜಧಾನಿ. ವಿದ್ಯಾರ್ಥಿವೇತನದ ನೆರವಿನಿಂದ ಬ್ರಿಟನ್ನಿಗೆ ಹೋಗಿ ಉನ್ನತ ವೈದ್ಯಕೀಯ ಪದವಿ ಪಡೆದ ಅವರು ಲಂಡನ್ನಿನ ಲಾಕ್ ಮತ್ತು ಚಾರಿಂಗ್ ಕ್ರಾಸ್ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದರು. ಭಾರತೀಯರಿಗೆ ಅಂಥ ಅವಕಾಶ ಅಪರೂಪವಾಗಿದ್ದ ಕಾಲವದು. ಆದರೂ ತಾಯ್ನಾಡಿಗೆ ಮರಳಿ ದೆಹಲಿಯಲ್ಲಿ ವೃತ್ತಿ ಆರಂಭಿಸಿದರು.

1912ರ ಅಕ್ಟೋಬರಿನಲ್ಲಿ ಬಾಲ್ಕನ್ ಯುದ್ಧ ಹೊತ್ತಿಕೊಂಡಿತು. ಮ್ಯಾಸಿಡೋನಿಯಾ, ಥ್ರೇಸ್ ಪ್ರಾಂತ್ಯಗಳ ಲಕ್ಷಾಂತರ ಮುಸ್ಲಿಮರು ಮನೆಮಠ ಬಿಟ್ಟು, ಎತ್ತಿನ ಗಾಡಿಗಳಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಿಬಂದರು. ಇಸ್ತಾಂಬುಲ್‌ನ ಮಸೀದಿಗಳು ನಿರಾಶ್ರಿತರಿಂದ ತುಂಬಿದವು. ಗಾಯಾಳು ಸೈನಿಕರ ಜೊತೆಗೆ ಕಾಲರಾ ಪೀಡಿತರೂ ಬಂದು ಸೇರಿದರು.

ಈ ಸುದ್ದಿ ತಲುಪಿದಾಗ ಭಾರತದ ಮುಸ್ಲಿಮರು ಮಮ್ಮಲ ಮರುಗಿದರು. ಮೌಲಾನಾ ಮುಹಮ್ಮದ್ ಅಲಿಯವರು ತಮ್ಮ ಕಾಮ್ರೇಡ್ ಪತ್ರಿಕೆಯ ಮೂಲಕ ಚಂದಾ ಎತ್ತಿದರು. ವೈದ್ಯಕೀಯ ತಂಡದ ನೇತೃತ್ವವನ್ನು ಅನ್ಸಾರಿಯವರು ವಹಿಸಿಕೊಂಡರು. ಅಲೀಗಢದ ಹಲವು ತರುಣರು ಓದನ್ನು ಬದಿಗಿಟ್ಟು ಸ್ವಯಂಸೇವಕರಾದರು. ಡಿಸೆಂಬರಿನಲ್ಲಿ ಮುಂಬಯಿಯಿಂದ ಹಡಗು ಹೊರಟಿತು.

ಸುಮಾರು ಅರ್ಧ ವರ್ಷ ತಂಡವು ತುರ್ಕಿಯಲ್ಲಿ ಆಸ್ಪತ್ರೆ ನಡೆಸಿ ಗಾಯಾಳುಗಳ ಸೇವೆ ಮಾಡಿತು. ಗಮನಿಸಿ ಓದುಗರೇ, ಅನ್ಸಾರಿಯವರ ದೃಷ್ಟಿ ಗಾಯಕ್ಕೆ ಪಟ್ಟಿ ಕಟ್ಟುವುದರಲ್ಲೇ ನಿಲ್ಲಲಿಲ್ಲ. ಮನೆಯಿಲ್ಲದವನ ಕಾಯಿಲೆ ಔಷಧಿಯೊಂದರಿಂದ ವಾಸಿಯಾಗದು. ಆದ್ದರಿಂದ ನಿರಾಶ್ರಿತರಿಗೆ ಅನಾಟೋಲಿಯಾದಲ್ಲಿ ಹೊಸ ನೆಲೆ ಕಲ್ಪಿಸುವ ಯೋಜನೆಗೂ ಅವರು ಕೈಹಾಕಿದರು. 1913ರ ಜುಲೈನಲ್ಲಿ ತಂಡ ಸ್ವದೇಶಕ್ಕೆ ಮರಳಿತು.

ಆ ಬಳಿಕ ಅವರು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದರು. 1927ರ ಮದ್ರಾಸ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. 1920ರಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾವನ್ನು ಕಟ್ಟಿದವರಲ್ಲಿ ಒಬ್ಬರಾಗಿದ್ದ ಅವರು, ಹಕೀಮ್ ಅಜ್ಮಲ್ ಖಾನ್ ತೀರಿಕೊಂಡ ನಂತರ ಅದರ ಕುಲಪತಿಯಾಗಿ ಕಷ್ಟಕಾಲದಲ್ಲಿ ಸಂಸ್ಥೆಯನ್ನು ಉಳಿಸಿದರು. 1936ರ ಮೇ ತಿಂಗಳಲ್ಲಿ ಮಸ್ಸೂರಿಯಿಂದ ದೆಹಲಿಗೆ ಬರುವಾಗ ರೈಲಿನಲ್ಲೇ ಹೃದಯಾಘಾತದಿಂದ ಇಹಲೋಕ ತ್ಯಜಿಸಿದರು. ಅವರ ಸಮಾಧಿ ಜಾಮಿಯಾದ ಆವರಣದಲ್ಲೇ ಇದೆ.

ಹನ್ನೊಂದು ವರ್ಷಗಳ ನಂತರ, 1947ರಲ್ಲಿ, ದೆಹಲಿಯ ಪುರಾನಾ ಕಿಲಾ ಮತ್ತು ಹುಮಾಯೂನ್ ಸಮಾಧಿಯ ಆವರಣಗಳೇ ನಿರಾಶ್ರಿತರ ಶಿಬಿರಗಳಾದವು. ದೂರದ ತುರ್ಕಿಯಲ್ಲಿ ಅನ್ಸಾರಿಯವರು ಕಂಡ ಸಂಕಟ ಅವರದೇ ಊರಿಗೆ ಬಂದಿತ್ತು. ಅವರಿಲ್ಲದಿದ್ದರೂ ಜಾಮಿಯಾದವರು ಆ ಶಿಬಿರಗಳಲ್ಲಿ ಸೇವೆಗೆ ನಿಂತರು.

ಇಂದು ರಾಯಚೂರಿನಲ್ಲೇ ವೈದ್ಯಕೀಯ ಕಾಲೇಜುಗಳಿವೆ, ಹಡಗು ಹತ್ತಬೇಕಿಲ್ಲ. ನಿಮ್ಮ ಮಗಳನ್ನು ನರ್ಸಿಂಗ್‌ಗೋ ಮಗನನ್ನು ವೈದ್ಯಕೀಯಕ್ಕೋ ಸೇರಿಸುವಾಗ ಸಂಬಳದ ಮಾತಿನ ಜೊತೆಗೆ ಅನ್ಸಾರಿಯವರ ಕಥೆಯನ್ನೂ ಹೇಳಿ. ಅಲ್ಲಾಹನು ಅವರ ಸೇವೆಯನ್ನು ಸ್ವೀಕರಿಸಲಿ, ನಮ್ಮ ಮಕ್ಕಳಿಗೆ ಅಂಥ ಮನಸ್ಸು ಕೊಡಲಿ. ಆಮೀನ್.